ಪಾಪಕ್ಕ ಕೊಟ್ಟ ಗಂಜಿ

ಚಳ್ಳಕೆರೆ
೧೪-೩-೨೦೦೪

ಪ್ರೀತಿಯ ಗಂಗಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಎರಡು ತಿಂಗಳು ಕಾಗದ ಬರೆಯದಿದ್ದಕ್ಕೆ ಬೈದುಕೊಂಡಿರುತ್ತೀಯ. ಇನ್ನೂ ಬೈಗುಳ ಮಿಕ್ಕಿದ್ದರೆ ಇದನ್ನು ಓದಿದ ಮೇಲೆ ಬೈಯಿ. ಭಾವನ ಮಂಡಿನೋವು ಹೇಗಿದೆ?

ಕೋರ್ಟಿನ ಹತ್ತೊಂಬತ್ತು ವರ್ಷದ ಅಮೀನಗಿರಿಯಲ್ಲಿ ಮನೆ ಬಿಡಿಸುವಾಗ ಅತ್ತವರನ್ನು, ಶಾಪ ಹಾಕಿದವರನ್ನು ನೋಡಿದ್ದೆ. ನನಗೇ ಪಾಠ ಹೇಳಿದವಳನ್ನು ಹೋದ ತಿಂಗಳು ನೋಡಿದೆ. ಕಂಬಳಿ ನೇಯುವ ಪಾಪಕ್ಕ. ಅವಳ ಬಾಡಿಗೆ ಮನೆಯ ಮಾಲೀಕ ಬ್ಯಾಂಕಿಗೆ ಸಾಲ ಕಟ್ಟದೆ ಮನೆ ಕೋರ್ಟಿನ ಹರಾಜಿಗೆ ಬಂತು. ಕೊಂಡವನು ಬೊಮ್ಮಲಿಂಗಪ್ಪ. ಸ್ವಾಧೀನ ಕೊಡಿಸಲು ತಮಟೆಯವನನ್ನು ಕರೆದುಕೊಂಡು ಹೋದೆ.

ಪಾಪಕ್ಕ ನೇಯಲಿಕ್ಕೆಂದು ಬೀದಿಯುದ್ದಕ್ಕೂ ಉಣ್ಣೆ ನೂಲಿನ ಹಾಸು ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಬಳಿಯುತ್ತಿದ್ದಳು. ಹಸಿಯಿರುವಾಗ ಬಿಚ್ಚಿದರೆ ನೂಲೆಲ್ಲ ಹಾಳು. "ಇವತ್ತೇ ಹೊರಗೆ ಹಾಕ್ಸಿ ಸ್ವಾಮಿ," ಎಂದ ಬೊಮ್ಮಲಿಂಗಪ್ಪ. ನಾನೂ ದರ್ಪದಿಂದ, "ಸಾಮಾನು ತೆಗಿಯಮ್ಮ" ಅಂದೆ. ಅವಳು ಕುಂಚ ಕೆಳಗಿಡಲಿಲ್ಲ.

"ಕೈಯಾಗೆ ಕಾಗದ ಐತಲ್ಲ, ಬೀದಿಗೆಲ್ಲಾ ಕೇಳಂಗೆ ಓದ್ರಿ. ನಂಗೆ ಓದಕ್ಕೆ ಬರಲ್ಲ, ಕೇಳಕ್ಕೆ ಬರ್ತೈತೆ."

ಓದಿದೆ. ಅದರಲ್ಲಿದ್ದದ್ದು ಇದು: ಬಾಡಿಗೆಯವರಿದ್ದರೆ ಹರಾಜು ಪತ್ರದ ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ತಮಟೆ ಹೊಡೆಸಿ, ಹೊಸ ಮಾಲೀಕನ ಹೆಸರು ಸಾರಬೇಕು, ಅಷ್ಟೆ.

"ಮಾಲೀಕ ಬದ್ಲಾದ್ರೆ ನಾನ್ಯಾಕೆ ಬೀದಿಗೆ ಬರ್ಲಿ? ಬಿಡಿಸ್ಬೇಕಂದ್ರೆ ನನ್ ಹೆಸ್ರಿಗೆ ಹದಿನೈದು ದಿನದ ನೋಟಿಸ್ ಕೊಡ್ಲಿ. ಅಷ್ಟ್ರಾಗೆ ಈ ಕಂಬ್ಳಿ ನೇಯ್ದು ಮುಗಿಸ್ತೀನಿ."

"ಯಾರಮ್ಮ ನಿಂಗೆ ಹೇಳಿದ್ದು?" ಅಂದೆ.

"ಕೋರ್ಟ್ ಮುಂದೇನೇ ಕಂಬ್ಳಿ ಮಾರ್ತೀನಿ. ವಕೀಲ್ರು ಚೌಕಾಸಿ ಮಾಡುವಾಗ ನಾನೂ ಒಂದೆರಡು ಕೇಳ್ಕಂತೀನಿ."

ಕಾಗದದಲ್ಲಿದ್ದಂತೆ ಪ್ರತಿ ಅಂಟಿಸಲು ಹೊರಟರೆ, ನಾನು ಅಂಟು ತರುವುದನ್ನೇ ಮರೆತಿದ್ದೆ. ಅವಳೇ ಗಂಜಿ ಕೊಟ್ಟಳು: "ಇದನ್ನ ಹಚ್ರಿ, ಈ ಊರ ಗಾಳಿಗೂ ಏಳಲ್ಲ." ಎಂಥ ಹೆಂಗಸು ಅಕ್ಕ! ಆಮೇಲೆ ಅವಳ ಹೆಸರಿಗೇ ನೋಟಿಸು ಬಂತು. ಹದಿನೈದನೆಯ ದಿನ ತಾನೇ ಬೀಗದ ಕೈ ಕೊಟ್ಟು, ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡು ಬೇರೆ ಬಾಡಿಗೆ ಮನೆಗೆ ಹೋದಳು. ನಿನ್ನೆ ಆ ಕಂಬಳಿಯನ್ನು ನಾನೇ ಕೊಂಡೆ. ಚೌಕಾಸಿ ಮಾಡಲಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನದು ನನ್ನ ಮೇಲಿರಲಿ.

ನಿನ್ನ ತಮ್ಮ,
ಮುತ್ತುರಾಜ

ವಿ.ಸೂ.: ನಿನ್ನ ಮದುವೆಯಾದ ಮೇಲೆ, ತಳಕಿನ ಬಾಡಿಗೆ ಮನೆಯಿಂದ ನಮ್ಮನ್ನು ಒಂದೇ ದಿನದಲ್ಲಿ ಬಿಡಿಸಿದರಲ್ಲ, ಅವತ್ತು ಅವ್ವ ನನ್ನನ್ನು ಕೇಳಿದ್ದಳು: "ಮುತ್ತಾ, ನೀನು ಕೋರ್ಟ್‌ನಾಗಿದೀಯ, ಹಿಂಗೆ ಏಕಾಏಕಿ ಬಿಡಿಸ್ಬೋದೇನಪ್ಪ?" ಬಿಡಿಸಬಾರದೆಂದು ನನಗೆ ಗೊತ್ತಿತ್ತು. ಆ ಮನೆ ಕೊಂಡವನು ನನ್ನ ಮೇಲಧಿಕಾರಿಯ ಭಾವಮೈದುನ. "ಬಿಡಿಸ್ಬೋದವ್ವ" ಅಂದೆ. ನನ್ನ ಮಾತು ನಂಬಿ, ಒಲೆಯ ಮೇಲೆ ಅರ್ಧ ಬೆಂದಿದ್ದ ಹಿಟ್ಟಿನ ಪಾತ್ರೆಯನ್ನು ಹಾಗೇ ಇಳಿಸಿಕೊಂಡು ನಡೆದಳು.