ಗುರುತಿನ ಸುತ್ತಿಗೆ

ಮನೆಯಿಂದ,
ಜೂನ್ ೧೪, ಶುಕ್ರವಾರ

ಪ್ರೀತಿಯ ಮೊಂಡ ತಮ್ಮಾ,

ಹೇಗಿದ್ದೀಯೋ? ಗರಗಸದ ಹೊಟ್ಟು ಮೂಗಿಗೆ ಹೋದರೆ ಬರುತ್ತಿದ್ದ ಆ ಕೆಮ್ಮು ಈಗಲೂ ಇದೆಯಾ? ಬಿಸಿನೀರು ಕುಡಿ ಎಂದರೆ ಯಾವತ್ತಾದರೂ ಕೇಳಿದವನಾ ನೀನು! ಅಮ್ಮ ಊಟಕ್ಕೆ ಕೂತಾಗಲೆಲ್ಲ ನಿನ್ನದೇ ಮಾತು. ಫೋನು ಎತ್ತುವುದಿಲ್ಲ ನೀನು, ಅದಕ್ಕೇ ಈ ಕಾಗದ. ನಿನ್ನ ವಿಳಾಸ ಕೊಟ್ಟವರು ನೀನು ಮರ ಕೊಂಡ ದಿಮ್ಮಿ ಅಡ್ಡೆಯವರು. ಹೇಳಲೇಬೇಕಾದ ವಿಷಯ ಒಂದಿದೆ, ಆದರೆ ಅದನ್ನು ಬರೆಯಲು ಕೈ ಬರುತ್ತಿಲ್ಲ. ಮೊದಲು ಇದನ್ನು ಓದು.

ನಮ್ಮ ಮರದಂಗಡಿಯಲ್ಲಿ ಮೇಸ್ತ್ರಿಯ ಎದುರಿಗೇ ಅಪ್ಪ ಬೈದರೆಂದು ಸಿಟ್ಟು ಮಾಡಿಕೊಂಡು ಹೊರಟೆಯಲ್ಲ, ಅವತ್ತು ಗುರುತಿನ ಸುತ್ತಿಗೆಯೂ ನಿನ್ನ ಸೊಂಟದಲ್ಲೇ ಹೋಯಿತು. ನೀನು ಕೋಪದಲ್ಲಿ ಮರೆತೆ ಎಂದು ನಾನು, ಬೇಕೆಂದೇ ಒಯ್ದ ಎಂದು ಮೇಸ್ತ್ರಿ. ಆ ಸುತ್ತಿಗೆಯ ಎಲೆಗುರುತು ದಿಮ್ಮಿಯ ಮೇಲೆ ಬಿತ್ತೆಂದರೆ ಮರ ನಮ್ಮದು, ಆಮೇಲೆ ಬೇಡ ಎನ್ನುವ ಹಾಗಿಲ್ಲ. ಅದು ನಿನ್ನ ಕೈಗೆ ಬಂದ ದಿನ ನೆನಪಿದೆಯಾ? ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಿನ್ನನ್ನು ಒಂದೊಂದು ಅಡ್ಡೆಗೂ ಕರೆದುಕೊಂಡು ಹೋಗಿ, "ಇನ್ಮೇಲೆ ಇವನು ಹೊಡೆದ್ರೆ ನಾನು ಹೊಡೆದ ಹಾಗೆ" ಎಂದು ಹೇಳಿ ಬಂದಿದ್ದರು. ನೀನು ನಾಚಿಕೊಂಡು ಅವರ ಬೆನ್ನ ಹಿಂದೆ ಅಡಗಿದ್ದೆಯಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ನೀನು ಹೋದ ಮೇಲೆ, ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಲಾರಿ ದಿಮ್ಮಿ ಬಂತು. ನಾವು ಹೇಳಿ ಕಳಿಸಿದ್ದಲ್ಲ. ಎಲ್ಲದರ ಮೇಲೂ ನಮ್ಮ ಎಲೆ. ಮೇಸ್ತ್ರಿ ಬೆರಳಿನಿಂದ ತಟ್ಟಿ ನೋಡಿದ, ಅರ್ಧಕ್ಕರ್ಧ ಪೊಳ್ಳು. "ವಾಪಸ್ ಕಳಿಸೋಣ ಯಜಮಾನ್ರೇ, ಅವನೀಗ ನಮ್ಮವನಲ್ಲ" ಎಂದ. ಅಪ್ಪ ತಾವೂ ತಟ್ಟಿ, ದಿಮ್ಮಿಗೆ ಕಿವಿಯಿಟ್ಟು ಕೇಳಿದರು. ಆ ಟೊಳ್ಳು ಸದ್ದು ನನಗೇ ಕೇಳಿಸಿತು, ಅವರಿಗೆ ಕೇಳಿಸದೆ ಇರುತ್ತದೆಯೇ? ಎದ್ದು ನಿಂತು, "ಗುರುತು ನಮ್ದೇ. ಇಳಿಸಿ" ಎಂದರು. ಸಿಟ್ಟಿಗೆ ಹೊಡೆದೆಯೋ, ಕಣ್ಣು ತಪ್ಪಿತೋ, ಅದನ್ನು ನಿನ್ನನ್ನು ಕೇಳುವುದಿಲ್ಲ ನಾನು.

ಆಗಲೇ ವಕೀಲ ಮಾವನನ್ನು ಕರೆಸಿದ್ದು. ಅಧಿಕಾರಪತ್ರ ಅಂತ ಏನೂ ಬರೆದುಕೊಟ್ಟಿಲ್ಲವಲ್ಲ, ನಮಗೇಕೆ ಈ ಹೊರೆ ಎಂದು ನಾನೇ ಕೇಳಿದೆ. ಮಾವ ನಕ್ಕು, "ಕಾಗದ ಯಾಕಮ್ಮಾ? ನಿಮ್ಮಪ್ಪನೇ ಊರೆಲ್ಲ ಸುತ್ತಿಸಿ ಇವನು ನನ್ನ ಕೈ ಅಂತ ತೋರಿಸಿದಾನೆ. ನಂಬಿದವರ ತಪ್ಪೇನು? ಅಲ್ಲ ಅಂತ ಹೇಳೋವರೆಗೂ ಅವನು ಕೊಟ್ಟ ಮಾತು ಅಂಗಡಿಯದೇ" ಎಂದರು. ಹಾಗೆಂದು ಎಲ್ಲ ಅಡ್ಡೆಗಳಿಗೂ ಕಾಗದ ಬರೆದು ತಿಳಿಸಿಬಿಡು, ಒಂದು ಸಹಿ ಸಾಕು ಎಂದು ಅಪ್ಪನಿಗೆ ಹೇಳಿದರು. ಅಪ್ಪ ಪೆನ್ನು ಮುಟ್ಟಲಿಲ್ಲ. "ಯಾವ ಬಾಗಿಲಲ್ಲಿ ನಿಂತು ಇವನು ನನ್ನ ಮಗ ಅಂದೆನೋ, ಅದೇ ಬಾಗಿಲಿಗೆ ಹೋಗಿ ಅಲ್ಲ ಅನ್ನಲಾ? ಹೊಡೀಲಿ ಬಿಡು. ಹೊಡೆದ್ರೆ ಎಲ್ಲಿದಾನೆ ಅಂತಾದ್ರೂ ಗೊತ್ತಾಗುತ್ತೆ" ಎಂದರು. ನಾನು ಒಳಗೆ ಹೋಗಿ ಅತ್ತೆ.

ಆ ಪೊಳ್ಳು ದಿಮ್ಮಿಯಲ್ಲಿ ಒಂದು ತುಂಡು ಕೊಯ್ಯಿಸಿ ಗೇಟಿನ ಪಕ್ಕ ಹಾಕಿಸಿಕೊಂಡರು. ಸಂಜೆಯಾದರೆ ಅದರ ಮೇಲೇ ಕೂರುವುದು. ಒಂದು ಕೈ ಎಲೆಯ ಗುರುತಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಲಾರಿ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಮೊಂಡುತನ ನಿನಗೆ ಎಲ್ಲಿಂದ ಬಂತು ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಮೇಸ್ತ್ರಿಯೂ ನಿನ್ನನ್ನು ಕೇಳಿದ್ದಾನೆಂದು ಬರೆಯಲು ಹೇಳಿದ, ಅವನ ಮೇಲೆ ಸಿಟ್ಟು ಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಕ್ಕ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಮಂಗಳವಾರ ಸಂಜೆ ಅಪ್ಪ ಆ ದಿಮ್ಮಿಯ ಮೇಲೆ ಕೂತವರು ಏಳಲಿಲ್ಲ. ಲಾರಿಯೊಂದು ಬಂತು, ಆದರೂ ಏಳಲಿಲ್ಲ. ಆಗಲೇ ನನಗೆ ಗೊತ್ತಾಯಿತು. ನಿನಗೆ ಎಷ್ಟು ಸಲ ಫೋನು ಮಾಡಿದೆನೋ! ಕೊಟ್ಟವನು ಹೋದರೆ ಕೊಟ್ಟ ಅಧಿಕಾರವೂ ಅವನ ಜೊತೆಗೇ ಹೋಗುತ್ತದೆಂದು ವಕೀಲ ಮಾವ ಹೇಳಿದರು. ಆ ಸುತ್ತಿಗೆ ಈಗ ಬರೀ ಕಬ್ಬಿಣ ಕಣೋ, ಇನ್ನು ಯಾವ ಮರಕ್ಕೂ ಹೊಡೆಯಬೇಡ. ಅದನ್ನು ತೆಗೆದುಕೊಂಡು ಮನೆಗೆ ಬಾ. ಅಂಗಡಿ ನಡೆಸುವವಳು ಇನ್ನು ನಾನು. ನಾನೂ ಒಂದು ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ, ನಿನ್ನದು. ಒಂದೊಂದು ಅಡ್ಡೆಗೂ ನಾನೇ ಕರೆದುಕೊಂಡು ಹೋಗಿ, ಅಪ್ಪ ಹೇಳಿದ ಮಾತನ್ನೇ ಹೇಳುತ್ತೇನೆ.