ಕಲ್ಲುರಾಶಿಯ ಮೇಲಿಂದ, ನಮ್ಮನ್ನು ನೋಡುವ ಮಕ್ಕಳಿಗೆ

ಊರು ಕಟ್ಟಿದ ಮೇಲೆ ಗುರುಗ್ರಹದ ನಲವತ್ತನೆಯ ವರ್ಷ (ಅದರ ಒಂದು ವರ್ಷ ನಿಮ್ಮ ಹನ್ನೆರಡು), ಈ ದಿನದ ಮೂರನೆಯ ಬೆಳಗು (ನಮ್ಮ ಕಲ್ಲು ಬೇಗ ಬೇಗ ತಿರುಗುತ್ತದೆ)

ಭೂಮಿಯ ಹಳೆಗಾಲದ ಮಕ್ಕಳೇ,

ಮೊನ್ನೆ ಕೆಟ್ಟ ಕನಸು ಬಿತ್ತು. ನಾನೊಮ್ಮೆ ಸೀನಿದೆ, ನಮ್ಮ ನೆಲವೆಲ್ಲ ಕಾಳಿನ ಚೀಲ ಬಿಚ್ಚಿದಂತೆ ಆಕಾಶಕ್ಕೆ ಚೆಲ್ಲಿಹೋಯಿತು. ಎದ್ದವಳೇ ನೆಲ ಮುಟ್ಟಿ ನೋಡಿದೆ, ಇತ್ತು. ಮತ್ತೊಮ್ಮೆ ಮುಟ್ಟಿದೆ. ಆ ಕಳವಳದಲ್ಲೇ ಬರೆಯುತ್ತಿದ್ದೇನೆ. ನಾನು ಓದಿದ್ದು ಬಿಟ್ಟು ಬಿಟ್ಟು ಮೂರು ತರಗತಿ. ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವಿರುವುದು ಒಂದು ಕ್ಷುದ್ರಗ್ರಹದ ಮೇಲೆ. ಸೂರ್ಯನ ಸುತ್ತ ಗ್ರಹಗಳು ಕಟ್ಟಿಕೊಂಡಾಗ ಯಾವುದಕ್ಕೂ ಸೇರದೆ ಉಳಿದ ಕಲ್ಲುಗಳಿವು. ಹೆಚ್ಚಿನವು ಮಂಗಳಕ್ಕೂ ಗುರುವಿಗೂ ನಡುವೆ ತಿರುಗುತ್ತವೆ. ಚಿತ್ರದಲ್ಲಿ ಬರೆದಂತೆ ಒತ್ತೊತ್ತಾಗಿ ಅಲ್ಲ, ಬಲು ದೂರ ದೂರ. ನಮ್ಮದು ಭೂಮಿಯ ದಾರಿಯ ಹತ್ತಿರ ಸುಳಿಯುವ ಜಾತಿ. ಒಂದೇ ಬಂಡೆಯೂ ಅಲ್ಲ, ಸಡಿಲವಾಗಿ ಕೂಡಿನಿಂತ ಕಲ್ಲುರಾಶಿ. ಸೆಳೆತ ಎಷ್ಟು ಕಡಿಮೆಯೆಂದರೆ ಜೋರಾಗಿ ಹೆಜ್ಜೆ ಇಟ್ಟವರು ತಿರುಗಿ ಬರುವುದಿಲ್ಲ. ಅದಕ್ಕೆ ಮಗು ಹುಟ್ಟಿದೊಡನೆ ಸೊಂಟಕ್ಕೆ ‘ಕರುಳುಹಗ್ಗ’ ಕಟ್ಟುತ್ತೇವೆ, ಅದರ ಇನ್ನೊಂದು ತುದಿ ಮನೆಯ ಗೂಟಕ್ಕೆ. ರೊಟ್ಟಿಯನ್ನೂ ಬಡಿಯುವುದಿಲ್ಲ, ಒತ್ತುತ್ತೇವೆ. ಬಡಿದರೆ ಬಡಿದವಳೇ ಮೇಲೇಳುತ್ತಾಳೆ.

ಈಗ ಭೂಮಿಯಿಂದ ಅಧಿಕಾರಿಯೊಬ್ಬ ಬಂದಿದ್ದಾನೆ. ಈ ಕಲ್ಲು ಮುಂದೊಂದು ದಿನ ಭೂಮಿಗೆ ಅಪ್ಪಳಿಸುತ್ತದಂತೆ, ನಮ್ಮನ್ನು ಇಳಿಸಿ ಇದನ್ನು ಒಡೆದುಹಾಕುತ್ತಾರಂತೆ. “ಇದು ಊರಲ್ಲ, ಬರೀ ಜಲ್ಲಿ ರಾಶಿ,” ಅಂದ. ಪಕ್ಕದ ಮನೆಯ ಬಾಳವ್ವ ಬಿಡಲಿಲ್ಲ: “ಏನ್ರೀ ಸಾಹೇಬ್ರ, ನಿಮ್ಮ ಭೂಮಿ ಏನ್ ಬೆಣ್ಣಿ ಮುದ್ದಿ ಏನು? ಅದೂ ಇಂಥಾ ಕಲ್ಲು ಕೂಡೇ ಆಗೇತಿ. ನಿಮ್ಮದಕ್ಕ ಊರು ಅಂತೀರಿ, ನಮ್ಮದಕ್ಕ ಜಲ್ಲಿ ಅಂತೀರಿ!” ನಾನೂ ಹೋಗಿ ಅವಳ ಪಕ್ಕದಲ್ಲೇ ನಿಂತೆ. ನಾವು ಇಳಿಯುವುದಿಲ್ಲ. ಅಪ್ಪಳಿಸುವುದು ನಿಜವಾದರೆ ಮೆಲ್ಲಗೆ ತಳ್ಳಿ ದಾರಿ ತಪ್ಪಿಸೋಣ, ನಾವೇ ಮೊದಲು ಹೆಗಲು ಕೊಡುತ್ತೇವೆ. ಒಡೆಯಲು ಮಾತ್ರ ಬಿಡೆವು.

ಆದರೆ ನಿಜವೇ? ಅವರ ಲೆಕ್ಕ ಶುರುವಾಗುವುದು ನಿಮ್ಮ ಕಾಲದಲ್ಲಿ ಯಾರೋ ಆಕಾಶದಲ್ಲಿ ಈ ಕಲ್ಲನ್ನು ಮೊದಲು ಕಂಡ ಜಾಗದಿಂದ. ಟೆಲಿಸ್ಕೋಪಿನಲ್ಲಿ ನಾವು ನಕ್ಷತ್ರದಂಥದೇ ಮಸುಕು ಚುಕ್ಕಿ. ನಕ್ಷತ್ರಗಳು ತಮ್ಮತಮ್ಮ ಜಾಗ ಬಿಡುವುದಿಲ್ಲ, ನಾವು ಅವುಗಳ ನಡುವೆ ದಿನದಿನಕ್ಕೂ ಸರಿಯುತ್ತೇವೆ. ಅಂದು ಈ ಕಲ್ಲು ಚಿತ್ತಾ ನಕ್ಷತ್ರದ ಕೆಳಗೆ ಕಂಡಿತೆಂದು ಅವರ ಹಟ. ಮೇಲಿದ್ದಿದ್ದರೆ, ಭೂಮಿಯನ್ನು ಮುಟ್ಟದೆ ದಾಟಿಹೋಗುತ್ತೇವೆ. ಟೆಲಿಸ್ಕೋಪು ಎಷ್ಟೋ ಸಲ ಮೇಲಿನದನ್ನು ಕೆಳಗೆ ಮಾಡಿ ತೋರಿಸುತ್ತದೆ, ನೋಡಿದವರು ಅದನ್ನು ಮರೆತಿದ್ದರೆ?

ಮಕ್ಕಳೇ, ನಿಮಗೆ ಆ ಚುಕ್ಕಿ ಸಿಕ್ಕಾಗ ಅವಸರ ಮಾಡಬೇಡಿ. ಚಿತ್ತೆಯ ಮೇಲಿದೆಯೋ ಕೆಳಗಿದೆಯೋ, ಇನ್ನೊಮ್ಮೆ ನೋಡಿ.

ಇಂತಿ,
ತಂಗೆವ್ವ