ಅಣ್ಣ ಕೇಳಿದ ಒಂದು ವಾರ

ಏಪ್ರಿಲ್ 4, ಬೆಳಿಗ್ಗೆ 7

ನೀರು 30.9 ಡಿಗ್ರಿ. ನಿನ್ನೆಗಿಂತ ಜಾಸ್ತಿ. ನಾನು ಲೆಕ್ಕ ಇಡೋ ಹನ್ನೊಂದು ಹವಳದ ಗುಂಪುಗಳಲ್ಲಿ ಐದರ ತುದಿ ಪೇಲವ. ನೀರೊಳಗಿಂದ ಮೇಲೆ ಬಂದರೆ ಅಣ್ಣನ ದೋಣಿ — ಗಾಜಿನ ತಳದ್ದು — ಆಗಲೇ ಜನ ತುಂಬಿಕೊಂಡು ನಿಂತಿತ್ತು. ಹೇಳಿದೆ. ಬಣ್ಣ ಮಾಸಿದ್ದಕ್ಕೆಲ್ಲ ತಲೆ ಕೆಡಿಸ್ಕೋಬೇಡ ಅಂದ.

ಏಪ್ರಿಲ್ 9

31.8. ಹನ್ನೊಂದೂ ಬಿಳಿ. ಒಳಗಿನ ಬಣ್ಣವೇ ಅವುಗಳ ಊಟ. ಬಿಸಿ ತಾಳಲಾರದೆ ಅದನ್ನೇ ಹೊರಹಾಕಿವೆ. ಸತ್ತಿಲ್ಲ — ಉಪವಾಸ. ದೋಣಿಯಲ್ಲಿ ಮಾತ್ರ ಚಪ್ಪಾಳೆ, ಎಷ್ಟು ಚೆಂದ ಅಂತ. ಲಂಗರು ಬಿದ್ದ ಕಡೆಯೆಲ್ಲ ಹವಳದ ಕೊಂಬೆ ಲಟಲಟ.

ಇಲಾಖೆಗೆ ಕಳಿಸೋ ರಿಪೋರ್ಟಿನಲ್ಲಿ ನಾನು ಹವಳದ ಈ ಜಾಗ "ಮುಚ್ಚಿ" ಅಂತ ಬರೆದರೆ ನಾಳೆಯೇ ದೋಣಿಗಳು ಬಂದ್. ಸಂಜೆ ಅಣ್ಣ ರೂಮಿಗೆ ಬಂದ. ನನ್ನ ಡೈವಿಂಗ್ ಸಿಲಿಂಡರ್ ಪಕ್ಕ ನೆಲದ ಮೇಲೇ ಕೂತ. ನನಗೆ ಈಜು ಕಲಿಸಿದವನು. ಯಾವತ್ತೂ ಏನೂ ಕೇಳಿದವನಲ್ಲ.

"ಒಂದು ವಾರ ಕೊಡೇ. ಸೀಸನ್ ಮುಗಿಯುತ್ತೆ."

"ಗಮನಿಸಲಾಗುತ್ತಿದೆ" ಅಂತ ಬರೆದು ಕಳಿಸಿದೆ. ಥೂ.

ಏಪ್ರಿಲ್ 17

ವಾರವಿಡೀ ಡೈರಿ ಮುಟ್ಟಲಿಲ್ಲ. ಮುಖ ಇರಲಿಲ್ಲ.

ಮೂರು ಗುಂಪಿನ ಮೇಲೆ ಕಂದು ಪಾಚಿ. ಅಂದರೆ ಸತ್ತಿವೆ. ಕೊಂಬೆಸಂದಿಯ ಹಳದಿ ಮರಿಮೀನು ನಲವತ್ತಿದ್ದವು. ಇವತ್ತು ಆರು. ಕೊಂಬೆ ಮುರಿದು ಅಡಗಲು ಜಾಗವಿಲ್ಲ. ದೊಡ್ಡ ಮೀನೊಂದು ನಿಧಾನಕ್ಕೆ ಹೆಕ್ಕಿ ಹೆಕ್ಕಿ ತಿನ್ನುತ್ತಿತ್ತು...

ದೋಣಿ ಹತ್ತಿ ಅಣ್ಣನ ಕೈಗೆ ನನ್ನ ಮಾಸ್ಕ್ ಕೊಟ್ಟೆ. ಜನ ನೋಡ್ತಾ ಇದ್ದರು. ನೀರಿಗಿಳಿದ. ಮೇಲೆ ಬಂದು ದೋಣಿಯಂಚು ಹಿಡಿದು ತುಂಬಾ ಹೊತ್ತು ತೇಲುತ್ತಿದ್ದ.

"ನೀನು ವಾರ ಕೇಳಿದ ದಿನ ಇವೆಲ್ಲ ಬದುಕಿದ್ದವು, ಅಣ್ಣ."

ದೋಣಿ ಹತ್ತಿದ. ಲಂಗರು ತಾನೇ ಎತ್ತಿದ. ಟ್ರಿಪ್ ಅರ್ಧಕ್ಕೇ ವಾಪಸ್.

ಏಪ್ರಿಲ್ 18

"ಮುಚ್ಚಿ" ಅಂತ ಬರೆದೆ. ವಾರ ತಡ ಮಾಡಿದ್ದು ನಾನೇ ಅಂತಲೂ. ಮೇಲಧಿಕಾರಿ ಕರೆಸಿ ಕಾರಣ ಕೇಳಿದರು. ನಾನು ಅಣ್ಣನ ಸುದ್ದಿ ಎತ್ತಲಿಲ್ಲ. ನೋಟಿಸ್ ಕೊಟ್ಟಿದ್ದಾರೆ. ಕೊಡಲಿ.

ಮೇ 11

30.2. ಮೊದಲ ಸಲ ಇಳಿದಿದೆ.

ಬಿಳಿ ಕೊಂಬೆಯೊಂದರ ಬುಡದಲ್ಲಿ ಕಂದು. ಪಾಚಿಯಾ? ಕೈಯಿಂದ ನೀರು ಬೀಸಿದೆ. ಪಾಚಿಯಾದರೆ ಅಲುಗಬೇಕು. ಅಲುಗಲಿಲ್ಲ. ಬಣ್ಣ — ಒಳಗಿನದೇ — ವಾಪಸ್ ಬರ್ತಿದೆ. ಒಂದೊಂದೇ ಗುಂಪು ನೋಡುತ್ತಾ ಹೋದೆ.

ಈಗ ನಾನು ಮುಳುಗಿದಾಗ ನನ್ನ ಹಗ್ಗ ಹಿಡಿಯೋದು ಅಣ್ಣನೇ, ಪುಟ್ಟ ಹುಟ್ಟುದೋಣಿಯಲ್ಲಿ.

"ಎಷ್ಟು?" ಅಂದ.

"ನಾಲ್ಕು ಬದುಕಿವೆ."

ಉಳಿದ ಏಳನ್ನು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.